ಸೋತ ಆಟಕ್ಕೆ ಕೊನೆಯ ಜಾಗ

ಅರಸೀಕೆರೆಯ ಕೊಬ್ಬರಿ ಮಂಡಿ ಬೀದಿಯಲ್ಲಿ ಯಾವ ಆಟ ದೊಡ್ಡದು, ಯಾವುದು ಚಿಕ್ಕದು ಎಂದು ತೀರ್ಪು ಕೊಡುವ ಹಕ್ಕು ಗುರುಬಸಮ್ಮನೊಬ್ಬಳದೇ. ಟಿವಿಯಲ್ಲಿ ಧಾರಾವಾಹಿ ಮುಗಿದದ್ದೇ ತಡ, ಜಗಲಿಯ ಮೇಲೆ ಇದ್ದಿಲಿನಲ್ಲಿ ಚೌಕಾಬಾರದ ಮನೆ ಬರೆದು ಕೂರುತ್ತಾಳೆ. ಅವಳ ಪಟ್ಟಿಯಲ್ಲಿ ಚೌಕಾಬಾರ ಮೊದಲು, ಅಳಗುಳಿಮಣೆ ಆಮೇಲೆ, ಹುಲಿ-ಕುರಿ ಅದರ ಹಿಂದೆ. "ಹಾವು ಏಣಿನೂ ಒಂದು ಆಟವೇನೇ? ದಾಳ ಹೇಳ್ದಂಗೆ ಹತ್ತು, ಇಳಿ. ಚೌಕಾಬಾರದಲ್ಲಿ ಹಂಗಲ್ಲ, ಇನ್ನೊಬ್ಬರ ಕಾಯಿ ಹೊಡೀದೆ ಒಳಮನೆಗೆ ಬಿಡಾಕಿಲ್ಲ. ಬೀಗಿತ್ತೀನ ಹೊಡೆದ್ರೂ ಯಾರೂ ಬೈಯಾಕಿಲ್ಲ!" ಆದರೆ ಅವಳು ಸೋತ ಆಟಕ್ಕೆ ಪಟ್ಟಿಯಲ್ಲಿ ಕೊನೆಯ ಜಾಗವೇ ಗತಿ. ಒಮ್ಮೆ ಸೊಸೆ ಅಕ್ಷತಾ ಗೆದ್ದ ಸಂಜೆಯೇ ಅಳಗುಳಿಮಣೆ ಹಾವು ಏಣಿಗಿಂತ ಕೆಳಗಿಳಿದಿತ್ತು, ಅವಳೇ ಮತ್ತೆ ಗೆದ್ದ ಮೇಲಷ್ಟೇ ಮೇಲೇರಿತು. ಕವಡೆ ಎಣಿಸುವಾಗಲಂತೂ ಅವಳ ಕಣ್ಣಿಗೆ ತನ್ನ ಮೂರು ಯಾವಾಗಲೂ ನಾಲ್ಕು. ನಲವತ್ತು ವರ್ಷದಿಂದ ಜಗಳವಾಡುತ್ತಲೇ ಆಡುವ ಎದುರುಮನೆಯ ಪುಟ್ಟವೀರಮ್ಮನಿಗೆ ಈಗೀಗ ಕಣ್ಣು ಮಂಜು. "ಕವಡೆ ಕಾಣಾಕಿಲ್ಲ, ನಾಳೆಯಿಂದ ಬರಾಕಿಲ್ಲ ಕಣೇ," ಎಂದಳು ಅವಳು ನಿನ್ನೆ ಆಟದ ನಡುವೆ. ಗುರುಬಸಮ್ಮ ತನ್ನ ಕಾಯಿಯನ್ನು ಪುಟ್ಟವೀರಮ್ಮನ ಕಾಯಿಗೆ ಸರಿಯಾಗಿ ನಾಲ್ಕು ಮನೆ ಮುಂದೆ ತಂದಿಟ್ಟು, ಗೆಳತಿಯ ಕವಡೆ ಉರುಳಿದ್ದೇ "ನಾಲ್ಕು!" ಎಂದು ಕೂಗಿದಳು. ಪುಟ್ಟವೀರಮ್ಮ ಕವಡೆಗಳನ್ನು ಬೆರಳಿನಿಂದ ಸವರಿ ನೋಡಿದಳು. "ಮೂರು ಕಣೇ, ಕಳ್ಳಿ," ಎಂದು ನಕ್ಕು, ಆದರೂ ನಾಲ್ಕು ಮನೆ ನಡೆದು ಗುರುಬಸಮ್ಮನ ಕಾಯಿ ಹೊಡೆದಳು, ಆಟವನ್ನೂ ಗೆದ್ದಳು. "ನಾಳೆ ಬೇಗ ಮನೆ ಬರೆದಿಡು," ಎಂದು ಹೊರಟಳು. "ಸೋತ್ರಲ್ಲತ್ತೆ, ಚೌಕಾಬಾರ ಈಗ ಎಷ್ಟನೇದು?" ಎಂದು ಅಕ್ಷತಾ ಕಿಚಾಯಿಸಿದಳು. "ಮೊದಲ್ನೇದೇ," ಎಂದಳು ಗುರುಬಸಮ್ಮ, "ಹೋಗು, ನಾಳೆಗೆ ಇದ್ದಿಲು ಎತ್ತಿಡು."