ಜಾಲಿ ಮುಳ್ಳಿಗೆ ಜೋಳದ ಅರಳು

ಮದುವೆಯಾಗಿ ಬಾಗೇವಾಡಿಯಿಂದ ಅಗರಖೇಡಕ್ಕೆ ಬಂದ ಮೊದಲ ಚಳಿಗಾಲ. ಐವತ್ತರ ದಶಕ ಮುಗಿಯುತ್ತಿತ್ತು, ನನಗೆ ಹದಿನೆಂಟು. ಬೆಳಿಗ್ಗೆ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿದ್ದವು. ಅತ್ತೆ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ. ಅವರು ಬೈಯುತ್ತಿದ್ದುದು ಕಡಿಮೆ. ಸುಮ್ಮನೆ ನೋಡುತ್ತಿದ್ದರು, ಅಷ್ಟೇ ಸಾಕಿತ್ತು.

ನನಗೆ ಗೆಳತಿಯೆಂದರೆ ಪಕ್ಕದ ಮನೆಯ ದರ್ಜಿಯ ಹೆಂಡತಿ. ಮುಸಲ್ಮಾನರ ಹುಡುಗಿ, ಝಳಕಿಯವಳು, ನನ್ನ ಹಾಗೆಯೇ ಹೊಸ ಸೊಸೆ. ನಮ್ಮಿಬ್ಬರ ಅಂಗಳಗಳ ನಡುವೆ ಒಣಗಿದ ಜಾಲಿ ಮುಳ್ಳಿನ ಬೇಲಿ, ಅದು ರಸ್ತೆಯ ತನಕ ಹೋಗುತ್ತಿತ್ತು. ಅದರ ಆಚೆ ಅವಳು, ಈಚೆ ನಾನು ನಿಂತು ಬಿಸಿಲಿಗೆ ಮೈ ಕಾಯಿಸುತ್ತಿದ್ದೆವು.

ಒಂದು ದಿನ ಜೋಳದ ಅರಳು ಹುರಿದಿದ್ದೆ. ಬೇಲಿಯ ಮೇಲಿಂದ ಅವಳಿಗೆ ಕೊಡುವಾಗ ಒಂದು ಅರಳು ಮುಳ್ಳಿಗೆ ಸಿಕ್ಕಿಕೊಂಡಿತು.

"ಏ ನೋಡ, ಜಾಲಿಗೆ ಮಲ್ಲಿಗಿ ಬಿಟ್ಟೈತಿ!" ಎಂದಳು ಅವಳು.

ಅಷ್ಟೇ ಸಾಕಾಯಿತು. ನಾನೊಂದು ಚುಚ್ಚಿದೆ, ಅವಳೊಂದು ಚುಚ್ಚಿದಳು. ಬುಟ್ಟಿ ಅರ್ಧ ಖಾಲಿಯಾಯಿತು. ಅವಳು ಓಡಿಹೋಗಿ ಗಂಡನ ಮಷಿನ್ ಕೆಳಗಿನ ಕೆಂಪು, ಹಳದಿ ಚಿಂದಿಗಳನ್ನು ತಂದು ಕೊಂಬೆಗಳ ತುದಿಗೆ ಕಟ್ಟಿದಳು. ಬೆರಳಿಗೆ ಮುಳ್ಳು ಚುಚ್ಚಿದಾಗಲೆಲ್ಲ ನಗು. ಯಾಕೆ ನಗುತ್ತೇವೆಂದು ನಮಗೇ ಗೊತ್ತಿರಲಿಲ್ಲ.

"ಯಾರ ಮಾಡಿದ್ದು ಇದನ್ನ?"

ಅತ್ತೆ! ಗೆಳತಿ ಥಟ್ಟನೆ ಬೇಲಿಯ ಹಿಂದೆ ಕುಕ್ಕರಿಸಿದಳು.

"ನಾನ್ರಿ," ಎಂದೆ.

"ತಿನ್ನೂ ಅರಳು ಮುಳ್ಳಿಗೆ ಚುಚ್ಚತಾರೇನ?"

ಅಷ್ಟರಲ್ಲಿ ಬೇವಿನ ಮರದಿಂದ ಗುಬ್ಬಿಗಳ ಹಿಂಡೇ ಬೇಲಿಗೆ ಇಳಿಯಿತು. ಅತ್ತೆಗೆ ಏನಾಯಿತೋ, ಕೈ ಬೀಸುತ್ತಾ "ಹುಶ್! ಹುಶ್!" ಎಂದು ಓಡಿದರು. "ನಿಂತ ಏನ್ ನೋಡ್ತಿ? ಆ ಕಡಿ ಹೋಗ! ಎಲ್ಲಾ ತಿಂತಾವ!"

ಕಂಬಳಿ ಕಾಲಿಗೆ ತೊಡರಿ ಒಣಗಿದ ಜೋಳದ ಕಣಿಕೆಯ ರಾಶಿಯ ಮೇಲೆ ಧೊಪ್ಪನೆ ಕೂತರು. ಎಬ್ಬಿಸಲು ಓಡಿದೆ. ಕಿಸಕ್ಕೆಂದು ಸದ್ದಾಯಿತು. ನಕ್ಕವರು ಅತ್ತೆಯೇ! ಸಣ್ಣ ಹುಡುಗಿಯಂಥ ನಗು. ಬೇಲಿಯ ಹಿಂದಿನಿಂದ ಗೆಳತಿಯೂ ನಕ್ಕುಬಿಟ್ಟಳು. ಮೂವರೂ ಹೊಟ್ಟೆ ಹಿಡಿದುಕೊಂಡೆವು.

ಮಧ್ಯಾಹ್ನದೊಳಗೆ ಗುಬ್ಬಿಗಳು ಅರಳನ್ನೆಲ್ಲ ಮುಗಿಸಿದವು. ಮರುದಿನ ಅತ್ತೆಯೇ ಜೋಳ ಅಳೆದು ಕೊಟ್ಟು, "ಇವತ್ತ ಜಾಸ್ತಿ ಹುರಿ, ಗುಬ್ಬಿಗೂ ಆಗಲಿ," ಎಂದರು. ತಮ್ಮ ಹಳೆಯ ಹಸಿರು ಕುಬಸವನ್ನು ಹರಿದು ಪಟ್ಟಿಗಳನ್ನೂ ಕಟ್ಟಿದರು. ಈ ಸಲ ರಸ್ತೆಯವರೆಗೂ ಸಿಂಗಾರ.

ಇಂಡಿ ಸಂತೆಗೆ ಹೊರಟಿದ್ದ ಒಬ್ಬ ಗಾಡಿ ನಿಲ್ಲಿಸಿ ಕೇಳಿದ, "ಯವ್ವಾ, ಇದು ಯಾವ ಗಿಡರಿ?"

ಅತ್ತೆ ಮುಖದ ಒಂದು ಗೆರೆಯೂ ಅಲುಗಿಸದೆ, "ಸೊಲ್ಲಾಪುರದ ಕಡೀದು. ಥಂಡಿ ಬಿದ್ರಷ್ಟ ಹೂ ಬಿಡತೈತಿ," ಎಂದರು.

"ನಮ್ಮ ಹೊಲದ ಬದುವಿಗೆ ಹಚ್ಚಾಕ ಒಂದ ಟೊಂಗಿ ಕೊಡ್ರಲಾ?"

ಅತ್ತೆ ಅರಳು ಉದುರದಂತೆ ಒಂದು ಟೊಂಗೆ ಮುರಿದು ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಗಾಡಿಯಲ್ಲಿ ಮೆತ್ತಗೆ ಮಲಗಿಸಿ ಹೊರಟ. ಗಾಡಿ ತಿರುವು ದಾಟುವವರೆಗೆ ಸೆರಗು ಕಚ್ಚಿ ತಡೆದ ನಮ್ಮ ನಗು ಆಮೇಲೆ ಯಾವ ಪರಿ ಸಿಡಿಯಿತೆಂದರೆ, ಯಾರೋ ಅಳುತ್ತಿದ್ದಾರೆಂದು ದರ್ಜಿ ಮಷಿನ್ ಬಿಟ್ಟು, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿಬಂದ.