ಟೈಮಿಗೆ ಸರಿಯಾಗಿ ಬಂದ ರೈಲು

ಬ್ರೇಕು ಹಾಕಿದ ರೈಲಿನ ಚಕ್ರಗಳಿಂದ ಏಳುವ ಕಾದ ಕಬ್ಬಿಣದ ವಾಸನೆ ಮೊನ್ನೆ ಕೆ.ಆರ್. ನಗರ ಸ್ಟೇಷನ್ನಿನಲ್ಲಿ ಮೂಗಿಗೆ ಬಡಿಯಿತು. ಆ ವಾಸನೆಯೆಂದರೆ ನನಗೆ ಈಗಲೂ ಪ್ರಾಣ. ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ನಮ್ಮ ಹಳ್ಳಿಯ ಮನೆ ಹಳಿಯಿಂದ, ರೈಲು ನಿಲ್ಲುವ ಪುಟ್ಟ ಸ್ಟೇಷನ್ನಿನಿಂದ ಎರಡು ಗದ್ದೆ ಆಚೆಗಿತ್ತು. ಬೆಳಗಿನ ಮೈಸೂರು ರೈಲು ಬಂದರೆ ಅಡುಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಐದನೇ ಕ್ಲಾಸಿನಲ್ಲಿದ್ದ ನಾನು ಜಗಲಿಯಲ್ಲಿ ಕೂತು ಅದು ಬಂದ ಗಂಟೆ, ನಿಮಿಷ, ಡಬ್ಬಿಗಳ ಎಣಿಕೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನಲವತ್ತೊಂದು ದಿನ ಬರೆದೆ. ಒಂದು ದಿನವೂ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ತಡವಿರಲಿಲ್ಲ. "ನಮ್ಮುಡ್ಗಿ ಸ್ಟೇಷನ್ ಮಾಸ್ಟ್ರಿಗೇ ಪಾಠ ಏಳ್ತಾಳೆ ಕಣ್ಲಾ" ಎಂದು ತಾತ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಪುಸ್ತಕವನ್ನು ಕೇಳಿಯೇ ಮನೆಯವರು ಹೊರಡುವುದು ರೂಢಿಯಾಯಿತು.

ನಲವತ್ತೆರಡನೆಯ ದಿನ ಅತ್ತೆಗೆ, ಅಪ್ಪನ ತಂಗಿಗೆ, ಮೈಸೂರಿನಲ್ಲಿ ನರ್ಸಿಂಗ್ ಸೀಟಿನ ಸಂದರ್ಶನವಿತ್ತು. ಹತ್ತು ಗಂಟೆ ಮೀರಿದರೆ ಸೀಟು ಬೇರೆಯವರ ಪಾಲು. ಅವಳು ಆಗಲೇ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಈಗ್ಲೇ ಓಗಿ ಬಿಸ್ಲಲ್ಲಿ ಒಣ್ಗ್‌ಬೇಕಾ? ಕಾಪಿ ಕುಡ್ಕಂಡು ಓಗು" ಎಂದ ತಾತ ನನ್ನ ಕಡೆ ತಿರುಗಿದರು. "ಏನವ್ವ, ನಿನ್ ಬುಕ್ಕು ಏನಂತದೆ?"

"ಇನ್ನೂ ಇಪ್ಪತ್ ನಿಮಿಷ ಅದೆ ತಾತ."

ಕಾಫಿ ಲೋಟ ಕೈಗೆ ಬಂತು, ತಟ್ಟೆಗಳು ನಡುಗಿದವು. ಅತ್ತೆ ಬದುವಿನ ಮೇಲೆ ಓಡಿದಳು, ಹಿಂದೆ ನಾನು. ನಮಗೆ ಸಿಕ್ಕಿದ್ದು ಕೊನೆಯ ಡಬ್ಬಿಯ ಬೆನ್ನು, ಆ ವಾಸನೆ.

"ಬೈಕ್ ತಗೀರಿ ಅಪ್ಪ, ಕೆ.ಆರ್. ನಗರದಲ್ಲಿ ಬಸ್ ಸಿಕ್ತದೆ" ಎಂದು ಮನೆಗೆ ಓಡಿಬಂದ ಅವಳು ಏದುಸಿರಿನಲ್ಲೇ ತಾತನನ್ನು ಬೇಡಿದಳು. ತಾತ ಮೀಸೆ ಒರೆಸಿಕೊಂಡರು. "ರೈಲೇ ಬ್ಯಾಡ ಅಂದದೆ, ಬುಡವ್ವ. ಎಣ್ಮಗ, ಅಷ್ಟ್ ದೂರ ಯಾಕೆ?" ಆಮೇಲೆ ಬಂದವರಿಗೆಲ್ಲ ನಗುತ್ತಾ, "ಏನ್ ಮಾಡಾದು, ಮಗೀನ್ ಲೆಕ್ಕ ತಪ್ಪೋಯ್ತು" ಎಂದರು. ಎಷ್ಟೋ ವರ್ಷ ನಾನೂ ಅದನ್ನೇ ನಂಬಿದೆ. ಆ ನೋಟ್‌ಬುಕ್ಕು ಮತ್ತೆ ಕೈಗೆ ಸಿಕ್ಕಿದಾಗ ಆ ದಿನದ ಪುಟದಲ್ಲಿ ನನ್ನದೇ ದುಂಡಕ್ಷರವಿತ್ತು: "ಹನ್ನೊಂದೂವರೆ. ತಾತ ಬೈಕಿನಲ್ಲಿ ಕೆ.ಆರ್. ನಗರಕ್ಕೆ, ಗೊಬ್ಬರ ತರಲು." ಗೊಬ್ಬರಕ್ಕೆ ಹೋಗುವ ಬೈಕು ಮಗಳಿಗೆ ಹೋಗಲಿಲ್ಲ!

ಅದೇ ವರ್ಷ ಅತ್ತೆಯನ್ನು ರಾವಂದೂರಿನ ಕಡೆ ಕೊಟ್ಟರು; ಅಲ್ಲಿ ರೈಲೇ ಇಲ್ಲ. ಈಗ ತಾತ ಇಲ್ಲ. ಮನೆಯಿದ್ದ ಜಾಗದಲ್ಲಿ ಕಬ್ಬು ನಿಂತಿದೆ. ನಿಮ್ಮ ಮನೆಯಲ್ಲೂ ಇಂಥ ಪ್ರೀತಿಯ ತಾತ ಇದ್ದಿರಬಹುದು. ನೆನೆದರೆ ನನಗೂ ಕಣ್ಣು ತುಂಬುತ್ತದೆ, ಆದರೆ ಕ್ಷಮಿಸಲು ಆಗಿಲ್ಲ. ಹೋದ ಬೇಸಿಗೆಯಲ್ಲಿ ಅತ್ತೆಯ ಮನೆಯಲ್ಲಿ ನನಗೆ ಜ್ವರ ಬಂತು. ಅವಳು ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟಿನ ನಾಡಿ ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ತುಟಿಯಲ್ಲೇ ಎಣಿಸುತ್ತಿದ್ದಳು. ಅದನ್ನು ಅವಳು ಎಲ್ಲಿ ಕಲಿತಳೋ, ನಾನೂ ಅವಳ ಜೊತೆ ಎಣಿಸತೊಡಗಿದೆ.