ಹಳೆ ಗೇರ್‌ಬಾಕ್ಸಿನೊಳಗಿನ ತಗಡು

ಬಂತು ಗೆಳೆಯರೇ, ನನ್ನ ಮುದಿ ಕಾರು ಖಾನಾಪುರದವರೆಗೂ ಸದ್ದಿಲ್ಲದೆ ಓಡಿ ಬಂತು! ಬೆಳಿಗ್ಗೆ ಮಹಾಂತೇಶ ನಗರದ ಗ್ಯಾರೇಜಿನಲ್ಲಿ ಕೆಟ್ಟ ಗೇರ್‌ಬಾಕ್ಸಿನ ಬದಲು ಸೆಕೆಂಡ್‌ಹ್ಯಾಂಡ್ ಗೇರ್‌ಬಾಕ್ಸ್ ಕೂರಿಸಲು ಹೋದರೆ, ಅದರ ಬೇರಿಂಗ್ ತನ್ನ ಗೂಡಿನಲ್ಲಿ ಲೊಡಲೊಡ ಅಲುಗಾಡುತ್ತಿತ್ತು.

"ಸುತ್ತಲೂ ತಗಡು ತುರುಕಿಬಿಡ್ರಿ ಚಾಚಾ," ಎಂದೆ.

ಮೆಕ್ಯಾನಿಕ್ ದಸ್ತಗೀರ ಚಾಚಾ ಉರಿದುಬಿದ್ದರು. "ತಗಡು ತುರಕಾಕ ಇದೇನ್ ಬಚ್ಚಲ ಬಾಗಲೇನ್ರಿ? ಲೇಥಿಗೆ ಒಯ್ದು ಒಳಗ ಬುಷ್ ಹಾಕಸ್ಕೊಂಡ ಬರ್ರಿ!"

ಗೂಡಿನೊಳಗೆ ಬುಷ್ ಎಂಬ ಲೋಹದ ಬಳೆ ಹಾಕಿಸಿ ತಂದೆ. ಸುತ್ತಿಗೆಯ ನಾಲ್ಕೇ ಏಟಿಗೆ ಬೇರಿಂಗ್ ಗಟ್ಟಿಯಾಗಿ ಕೂತಿತು. ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ!

ಆಮೇಲೆ ಚಾಚಾ ಹಳೆಯ ಗೇರ್‌ಬಾಕ್ಸ್ ಬಿಚ್ಚಿದರು. ಅದರ ಬೇರಿಂಗಿನ ಸುತ್ತ ತಗಡಿನ ಪಟ್ಟಿ!

"ಯಾವ ಹುಚ್ಚ ಹಾಕ್ಯಾನ್ರಿ ಇದನ್ನ?"

"ನೀವ ಹಾಕಿದ್ರಿ ಚಾಚಾ, ಏಳು ವರ್ಷದ ಹಿಂದ."

ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅದಕ್ಕ ನೋಡ್ರಿ, ಏಳು ವರ್ಷ ಬಾಳಿಕಿ ಬಂದೈತಿ!"

ಹೊಸ ಬುಷ್ಷಿಗೆ ಈಗ ಆ ತಗಡಿನ ದಾಖಲೆ ಮುರಿಯುವ ಕೆಲಸ.